ನಾಚಿಕೆ ಬಿಟ್ಟು ಕೇಳಬೇಕಾದ ನೆರವು

(ಮುಂಬಯಿಯ ನಮ್ಮ ಸಂಘದ ಉಚಿತ ವಾಚನಾಲಯದ ಆಶ್ರಯದಲ್ಲಿ ರವಿವಾರ ಸಂಜೆ ನಡೆದ ಉಪನ್ಯಾಸದ ಪಾಠ)



ಇಂದಿನ ಕರಪತ್ರದಲ್ಲಿ ಭಾಷಣದ ವಿಷಯ "ಮನಸ್ಸಿನ ಆರೋಗ್ಯ" ಎಂದಷ್ಟೇ ಅಚ್ಚಾಗಿದೆ. ನಮ್ಮ ಕಾರ್ಯದರ್ಶಿಗಳು ಜಾಣರು. ಪೂರ್ತಿ ವಿಷಯವನ್ನು ಹಲಗೆಯ ಮೇಲೆ ಬರೆದಿದ್ದರೆ, ಕೇಳಬೇಕೆಂಬ ಮನಸ್ಸಿದ್ದವರೂ "ನನ್ನನ್ನು ಒಳಗೆ ಹೋಗುವುದನ್ನು ಯಾರಾದರೂ ಕಂಡರೆ?" ಎಂದು ಬಾಗಿಲಿನಿಂದಲೇ ಹಿಂದಿರುಗುತ್ತಿದ್ದರು. ಈಗ ಎಲ್ಲರೂ ಕುಳಿತಾಗಿದೆ. ಆದ್ದರಿಂದ ವಿಷಯವನ್ನು ಬಿಚ್ಚಿ ಹೇಳುತ್ತೇನೆ. ನಾನು ಮಾತನಾಡಲಿರುವುದು ಕಾಮದ ಗೀಳಿನ ಬಗ್ಗೆ. ಅದರಿಂದ ಬಿಡಿಸಿಕೊಳ್ಳಲು ಯಾರ ಬಳಿ ಹೋಗಬೇಕು, ಏನೆಂದು ಕೇಳಬೇಕು, ಕೇಳಿದ ಮೇಲೆ ಏನು ನಡೆಯುತ್ತದೆ ಎಂಬುದರ ಬಗ್ಗೆ.

ಈ ಮಾತನ್ನು ಇಲ್ಲಿ, ಈ ವಾಚನಾಲಯದಲ್ಲಿ ಆಡಬೇಕೆ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಇಲ್ಲಿಯೇ ಆಡಬೇಕು ಎಂದೆ. ಸಾರ್ವಜನಿಕ ಆಸ್ಪತ್ರೆಯೊಂದರ ಮನೋವೈದ್ಯ ವಿಭಾಗದಲ್ಲಿ ಸಮಾಜಸೇವಕನಾಗಿ ದುಡಿದ ವರ್ಷಗಳಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಊರು ಬಿಟ್ಟು ಬಂದವನಿಗೆ ಜ್ವರ ಬಂದರೆ ಪಕ್ಕದ ಖೋಲಿಯವನು ಗಂಜಿ ಕಾಯಿಸಿ ಕೊಡುತ್ತಾನೆ, ಕಾಲು ಮುರಿದರೆ ನಾಲ್ಕು ಜನ ಹೊತ್ತುಕೊಂಡು ಓಡುತ್ತಾರೆ, ಆದರೆ ಈ ಒಂದು ಕಷ್ಟವನ್ನು ಅವನು ಒಬ್ಬನೇ ಹೊರುತ್ತಾನೆ. ಹೋಟೆಲಿನಲ್ಲಿ, ಕಚೇರಿಯಲ್ಲಿ, ಕಾವಲು ಕೆಲಸದಲ್ಲಿ, ಮನೆಮನೆಗೆ ಪೊಟ್ಟಣ ಮುಟ್ಟಿಸುವ ಕೆಲಸದಲ್ಲಿ ಇರುವ ನಮ್ಮವರಲ್ಲಿ ಎಷ್ಟೋ ಜನರ ಹೆಂಡಿರು ಮಕ್ಕಳು ಊರಲ್ಲಿ. ಒಂದು ಖೋಲಿಯಲ್ಲಿ ಆರೆಂಟು ಜನ ಮಲಗಿದ್ದರೂ ಪ್ರತಿಯೊಬ್ಬನೂ ಒಂಟಿ. ಆ ಒಂಟಿತನದ ಕೈಗೆ ಈಗ ಮೊಬೈಲು ಸಿಕ್ಕಿದೆ. ಹಿಂದೆ ಕೆಟ್ಟ ಚಿತ್ರ ನೋಡಬೇಕೆಂದರೆ ನಾಲ್ಕು ಜನರ ಕಣ್ಣು ತಪ್ಪಿಸಿ ಎಲ್ಲಿಗೋ ಹೋಗಬೇಕಿತ್ತು. ಈಗ ಹೊದಿಕೆಯೊಳಗೇ ಎಲ್ಲವೂ ಬರುತ್ತದೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಕಾಮ ಎಂಬುದು ರೋಗವಲ್ಲ. ಹಸಿವು ನಿದ್ರೆಗಳಂತೆ ಅದೂ ದೇಹಧರ್ಮ. ನಮ್ಮ ಹಿರಿಯರು ನಾಲ್ಕು ಪುರುಷಾರ್ಥಗಳಲ್ಲಿ ಅದಕ್ಕೂ ಒಂದು ಮಣೆ ಹಾಕಿದ್ದಾರೆ. ಹೆಚ್ಚು ಆಸೆಯುಳ್ಳವನೆಲ್ಲ ರೋಗಿಯಲ್ಲ; ಹರೆಯದವನಿಗೆ ಆಸೆ ಹೆಚ್ಚಿರುವುದು ಸಹಜ. ಹಾಗಾದರೆ ಎಲ್ಲಿ ಅದು ಕಾಯಿಲೆಯಾಗುತ್ತದೆ?

ವಿಶ್ವ ಆರೋಗ್ಯ ಸಂಸ್ಥೆಯವರು ರೋಗಗಳ ಪಟ್ಟಿಯೊಂದನ್ನು ಇಟ್ಟಿದ್ದಾರೆ. ಅದರ ಹನ್ನೊಂದನೆಯ ಆವೃತ್ತಿಯನ್ನು 2019ರಲ್ಲಿ ಅಂಗೀಕರಿಸಿ, 2022ರ ಜನವರಿ 1ರಿಂದ ಜಾರಿಗೆ ತಂದರು. ಕಾಮವರ್ತನೆಯ ಮೇಲೆ ಹಿಡಿತ ತಪ್ಪುವುದನ್ನು ಅದರಲ್ಲಿ ಒಂದು ಕಾಯಿಲೆಯೆಂದು ಹೆಸರಿಸಿ ಸೇರಿಸಿದ್ದಾರೆ. ಅವರು ಹೇಳುವ ಗುರುತುಗಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ನಾಲ್ಕು. ಒಂದು: ಈ ಚಟುವಟಿಕೆಯೇ ಬದುಕಿನ ನಡುಮನೆಯಲ್ಲಿ ಕುಳಿತು, ಆರೋಗ್ಯ, ಸ್ನಾನ, ಊಟ, ಕೆಲಸ, ಸ್ನೇಹ ಎಲ್ಲವೂ ಜಗಲಿಗೆ ಹೋಗುವುದು. ಎರಡು: ನಿಲ್ಲಿಸಬೇಕು, ಕಡಿಮೆ ಮಾಡಬೇಕು ಎಂದು ಮತ್ತೆ ಮತ್ತೆ ಹೊರಟು ಪ್ರತಿ ಸಲವೂ ಸೋಲುವುದು. ಮೂರು: ಕೆಲಸ ಹೋಯಿತು, ಸಂಸಾರ ಮುರಿಯಿತು, ಕಾಯಿಲೆ ತಗಲಿತು ಎಂದು ಕಣ್ಣಾರೆ ಕಂಡರೂ ಮುಂದುವರಿಯುವುದು. ನಾಲ್ಕು: ಅದರಲ್ಲಿ ಸುಖವೇ ಉಳಿಯದಿದ್ದರೂ ಬಿಡಲಾಗದಿರುವುದು. ಇಂಥ ಗುರುತುಗಳುಳ್ಳ ನಡತೆ ಆರು ತಿಂಗಳು ಅಥವಾ ಅದಕ್ಕೂ ಮಿಕ್ಕಿ ಎಡೆಬಿಡದೆ ಇದ್ದು, ಮನುಷ್ಯನಿಗೆ ತೀವ್ರ ಸಂಕಟವನ್ನೋ ಬದುಕಿಗೆ ಹಾನಿಯನ್ನೋ ತಂದರೆ ವೈದ್ಯರು ಅದನ್ನು ಕಾಯಿಲೆಯೆಂದು ಗಣಿಸುತ್ತಾರೆ.

ಅದೇ ಪಟ್ಟಿಯಲ್ಲಿ ಇನ್ನೊಂದು ಎಚ್ಚರಿಕೆಯ ಮಾತಿದೆ. ಅದು ನಮ್ಮವರಿಗೆ ಬಹಳ ಮುಖ್ಯ. "ಇದು ಪಾಪ, ಇದು ಕೆಟ್ಟದ್ದು" ಎಂಬ ನೈತಿಕ ಅಳುಕಿನಿಂದ ಮಾತ್ರ ಸಂಕಟವಾಗುತ್ತಿದ್ದರೆ ಅದು ಈ ಕಾಯಿಲೆ ಆಗುವುದಿಲ್ಲ. ಮದುವೆಯಾಗದ ಹುಡುಗನೊಬ್ಬ ಆಗೊಮ್ಮೆ ಈಗೊಮ್ಮೆ ಹಸ್ತಮೈಥುನ ಮಾಡಿಕೊಂಡು, ಮರುದಿನ "ನಾನು ಕೆಟ್ಟೆ, ನನ್ನ ಧಾತು ಹೋಯಿತು, ಬೆನ್ನು ಸೋತಿತು" ಎಂದು ಕೊರಗುತ್ತಾನೆ. ಅವನಿಗೆ ಕಾಮದ ಗೀಳಿಲ್ಲ; ಇರುವುದು ಹೆದರಿಕೆ. ವೀರ್ಯನಷ್ಟದ ಈ ಹೆದರಿಕೆ ನಮ್ಮ ದೇಶದಲ್ಲಿ ಎಷ್ಟು ವ್ಯಾಪಕವೆಂದರೆ, ಡಾ. ಎನ್. ಎನ್. ವಿಗ್ ಎಂಬ ಮನೋವೈದ್ಯರು 1960ರಲ್ಲಿ ಅದಕ್ಕೆ 'ಧಾತ್' ಎಂಬ ಹೆಸರಿಟ್ಟೇ ವಿವರಿಸಿದರು. ಹಾಗೆ ಹೋದ ವೀರ್ಯದಿಂದ ಶಕ್ತಿ ಸೋರುವುದಿಲ್ಲ. ದೇಹ ಅದನ್ನು ಮತ್ತೆ ಮತ್ತೆ ತಯಾರಿಸುತ್ತಲೇ ಇರುತ್ತದೆ. ಇದನ್ನು ಒಬ್ಬ ವೈದ್ಯರ ಬಾಯಿಂದ ಕೇಳಿದ ಮಾತ್ರಕ್ಕೆ ಎಷ್ಟೋ ತರುಣರ ಅರ್ಧ ಕಾಯಿಲೆ ಇಳಿದದ್ದನ್ನು ಕಂಡಿದ್ದೇನೆ.

ಹಾಗೆಯೇ, ಗಂಡಸಿಗೆ ಗಂಡಸಿನ ಮೇಲೆ, ಹೆಣ್ಣಿಗೆ ಹೆಣ್ಣಿನ ಮೇಲೆ ಮನಸ್ಸು ಹೋಗುವುದೂ ಈ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ರೋಗಗಳ ಪಟ್ಟಿಯಿಂದ ತೆಗೆಯಲು ಒಪ್ಪಿತು. ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಅಂಥ ಸಂಬಂಧ ಅಪರಾಧವಲ್ಲವೆಂದು ನಮ್ಮ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿದೆ. ಅದನ್ನು ಗುಣಪಡಿಸುತ್ತೇನೆಂದು ಹಣ ಕೇಳುವವನಿಂದ ದೂರವಿರಿ.

ಈಗ ಗೀಳಿನ ನಡೆಯನ್ನು ನೋಡೋಣ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಿ. ಒಬ್ಬ ಗುಮಾಸ್ತ, ವಯಸ್ಸು ಮೂವತ್ತರ ಆಸುಪಾಸು. ಕಚೇರಿಯಲ್ಲಿ ಸಾಹೇಬರಿಂದ ಬೈಸಿಕೊಂಡು, ಲೋಕಲ್ ಗಾಡಿಯಲ್ಲಿ ಒಂದೂವರೆ ಗಂಟೆ ನಿಂತು, ಖೋಲಿಗೆ ಬರುತ್ತಾನೆ. ಮನಸ್ಸು ಕುದಿಯುತ್ತಿದೆ. "ಹತ್ತು ನಿಮಿಷ" ಎಂದು ಮೊಬೈಲು ತೆಗೆಯುತ್ತಾನೆ. ಗಡಿಯಾರ ಎರಡು ಹೊಡೆಯುತ್ತದೆ. ಮುಗಿದ ಮೇಲೆ ಹೇಸಿಗೆ, ಪಶ್ಚಾತ್ತಾಪ. "ಇನ್ನು ಮುಟ್ಟುವುದಿಲ್ಲ" ಎಂದು ದೇವರ ಪಟಕ್ಕೆ ಆಣೆ. ಬೆಳಿಗ್ಗೆ ನಿದ್ದೆಗೆಟ್ಟ ಕಣ್ಣು, ಲೆಕ್ಕದಲ್ಲಿ ತಪ್ಪು, ಮತ್ತೆ ಬೈಗುಳ. ಬೈಗುಳದಿಂದ ಮತ್ತೆ ಕುದಿತ. ಕುದಿತ ಆರಿಸಲು ಮತ್ತೆ ಅದೇ ಮದ್ದು. ಇಲ್ಲಿ ಗಮನಿಸಬೇಕಾದದ್ದೇನೆಂದರೆ, ಅವನು ಓಡುತ್ತಿರುವುದು ಸುಖದ ಕಡೆಗೆ ಅಷ್ಟಾಗಿ ಅಲ್ಲ, ದುಃಖದಿಂದ ದೂರಕ್ಕೆ. ಆದರೆ ಆ ಓಟವೇ ನಾಳೆಯ ದುಃಖವನ್ನು ತಯಾರಿಸುತ್ತದೆ. ಗಾಣದ ಎತ್ತಿನಂತೆ ಅವನು ಸುತ್ತುತ್ತಲೇ ಇರುತ್ತಾನೆ.

"ಬುದ್ಧಿಯಿದ್ದವನು ಬಿಡಬಾರದೇ?" ಎಂದು ಹೊರಗಿನವರು ಕೇಳುತ್ತಾರೆ. ಧರ್ಮರಾಯನಿಗಿಂತ ಬುದ್ಧಿವಂತರು ಯಾರು? ಜೂಜಿನಲ್ಲಿ ರಾಜ್ಯ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ ಎಲ್ಲವನ್ನೂ ಕಳೆದುಕೊಂಡು, ಹೇಗೋ ಎಲ್ಲವೂ ಮರಳಿ ಸಿಕ್ಕಿದ ಮೇಲೆ, ಎರಡನೆಯ ಸಲ ಕರೆ ಬಂದಾಗ ಮತ್ತೆ ಹೋಗಿ ಕುಳಿತನಲ್ಲ! ಧರ್ಮ ತಿಳಿಯದೆ ಹೋದನೆ? ತಿಳಿದೂ ತಡೆಯಲಾಗದ ಸ್ಥಿತಿ ಮನುಷ್ಯನಿಗೆ ಬರುತ್ತದೆ ಎಂಬುದು ನಮ್ಮ ಪುರಾಣಕಾರರಿಗೆ ಗೊತ್ತಿತ್ತು. ಆ ಸ್ಥಿತಿಯಲ್ಲಿರುವವನಿಗೆ ಉಪದೇಶ ಸಾಲದು, ಉಪಾಯ ಬೇಕು.

ಈ ಕಷ್ಟ ನಿಮಗೊಬ್ಬರಿಗೇ ಬಂದದ್ದೂ ಅಲ್ಲ. 42 ದೇಶಗಳ 82,000ಕ್ಕೂ ಹೆಚ್ಚು ಜನರನ್ನು ಕೇಳಿ ಮಾಡಿದ ಒಂದು ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರಲ್ಲಿ ನೂರಕ್ಕೆ ಸುಮಾರು ಐದು ಮಂದಿ ಈ ಕಾಯಿಲೆಯ ಅಪಾಯದ ಗೆರೆಯಲ್ಲಿದ್ದರು. ಅಂಥವರಲ್ಲಿ ಎಂದಾದರೂ ಚಿಕಿತ್ಸೆ ಕೇಳಿದವರು ನೂರಕ್ಕೆ 14 ಮಾತ್ರ. ಉಳಿದವರೆಲ್ಲ ಒಳಗೊಳಗೇ ಬೇಯುತ್ತಿದ್ದಾರೆ ಎಂದಾಯಿತು.

ಬೇಯುವುದರ ಬೆಲೆ ಏನು? ಮೊದಲನೆಯದು ಹಣ. ಕಾಸು ಕಾಸು ಕೂಡಿಸಿ ಊರಿಗೆ ಕಳಿಸಬೇಕಾದ ಪಗಾರ ಬೇರೆ ದಾರಿ ಹಿಡಿಯುತ್ತದೆ, ಸಾಲ ಹತ್ತುತ್ತದೆ. ಎರಡನೆಯದು ಆರೋಗ್ಯ. ಹೊರಗೆ ಹೋಗುವ ಅಭ್ಯಾಸವಿದ್ದವರಿಗೆ ಗುಹ್ಯರೋಗ, ಎಚ್.ಐ.ವಿ. ತಗಲುವ ಭಯ, ಆಮೇಲೆ ಅದು ಊರಿನಲ್ಲಿರುವ ಹೆಂಡತಿಗೂ ದಾಟುತ್ತದೆ. ಮೂರನೆಯದು ಈ ಕಾಲದ ಹೊಸ ಪೀಡೆ. ಮೊಬೈಲಿನಲ್ಲಿ ಯಾರೋ ಹೆಂಗಸಿನ ಮುಖ ತೋರಿಸಿ, ನಿಮ್ಮ ಬೆತ್ತಲೆ ಚಿತ್ರ ಹಿಡಿದಿಟ್ಟು, "ಹಣ ಕಳಿಸದಿದ್ದರೆ ನಿನ್ನ ಊರಿನವರಿಗೆಲ್ಲ ಕಳಿಸುತ್ತೇವೆ" ಎಂದು ಬೆದರಿಸುವ ವಂಚಕರಿದ್ದಾರೆ. ಅಂಥವರಿಗೆ ಒಂದು ಸಲ ಕೊಟ್ಟರೆ ಹತ್ತು ಸಲ ಕೇಳುತ್ತಾರೆ. ಕೊಡಬೇಡಿ; ಅವರು ಕಳಿಸಿದ್ದನ್ನು ಅಳಿಸದೆ ಸಾಕ್ಷಿಗಾಗಿ ಇಟ್ಟುಕೊಂಡು, 1930 ಎಂಬ ಸರಕಾರಿ ಸಂಖ್ಯೆಗೆ ಕರೆ ಮಾಡಿ ದೂರು ಕೊಡಿ. ಮಾನ ಹೋಯಿತೆಂದು ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದರೆ ಆ ಗಳಿಗೆಯಲ್ಲಿ ಒಬ್ಬರೇ ಇರಬೇಡಿ. ಖೋಲಿಯಲ್ಲಿ ಮಲಗಿದವನನ್ನು ಎಬ್ಬಿಸಿ. ಯಾವ ಚಿತ್ರವೂ ಒಂದು ಜೀವಕ್ಕೆ ಸಮನಲ್ಲ.

ಇನ್ನು ನೆರವಿನ ಮಾತು. ಮೊದಲು ಎಲ್ಲಿಗೆ ಹೋಗಬಾರದು ಎಂದು ಹೇಳುತ್ತೇನೆ. ರೈಲು ಹಳಿಯ ಪಕ್ಕದ ಗೋಡೆಗಳ ಮೇಲೆ "ಗುಪ್ತರೋಗ", "ಶೀಘ್ರ ಪರಿಹಾರ", "ಗ್ಯಾರಂಟಿ" ಎಂದು ದಪ್ಪಕ್ಷರದಲ್ಲಿ ಬರೆದದ್ದನ್ನು ನೀವೆಲ್ಲ ಓದಿದ್ದೀರಿ. ಕಾಮಶಕ್ತಿ ಹೆಚ್ಚಿಸುತ್ತೇವೆಂದು ಔಷಧಕ್ಕೆ ಜಾಹೀರಾತು ಕೊಡುವುದೇ 1954ರ ಕಾಯಿದೆಯ ಪ್ರಕಾರ ಅಪರಾಧ. ಆ ಗೋಡೆಬರಹವನ್ನು ನಂಬಿ ಹೋದವರು ತಿಂಗಳ ಪಗಾರವನ್ನು ಲೇಹ್ಯಕ್ಕೆ ಸುರಿದು, ಹೆದರಿಕೆಯನ್ನು ಇಮ್ಮಡಿ ಮಾಡಿಕೊಂಡು ಬರುತ್ತಾರೆ. ಗೀಳಿದ್ದವನಿಗೆ ಶಕ್ತಿಯ ಔಷಧ ಕೊಡುವುದೆಂದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ.

ಹೋಗಬೇಕಾದದ್ದು ಸಾರ್ವಜನಿಕ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ. ನಮ್ಮ ಮುಂಬಯಿಯಲ್ಲಿ ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲಿನ ನಾಯರ್, ಸಾಯನ್ ಆಸ್ಪತ್ರೆ, ಭಾಯಖಳಾದ ಜೆ.ಜೆ., ಇವೆಲ್ಲ ಕಡೆಯೂ ಆ ವಿಭಾಗವಿದೆ. ಪುಣೆಯವರಿಗೆ ಸಸೂನ್ ಆಸ್ಪತ್ರೆ. ಚೆನ್ನೈಯವರಿಗೆ ಕಿಲ್ಪಾಕ್‌ನ ಮಾನಸಿಕ ಆರೋಗ್ಯ ಸಂಸ್ಥೆ. ಹೈದರಾಬಾದಿನವರಿಗೆ ಎರ್ರಗಡ್ಡದ ಸಂಸ್ಥೆ. ದೆಹಲಿಯವರಿಗೆ ಏಮ್ಸ್ ಮತ್ತು ದಿಲ್ಷಾದ್ ಗಾರ್ಡನಿನ ಇಹ್ಬಾಸ್. ರಜೆಯಲ್ಲಿ ಊರಿಗೆ ಹೋದಾಗ ತೋರಿಸಿಕೊಳ್ಳುವವರಿಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಮೊಬೈಲಿನ ಬಳಕೆ ಮಿತಿಮೀರಿದವರಿಗಾಗಿ ನಿಮ್ಹಾನ್ಸಿನಲ್ಲಿ 2014ರಲ್ಲಿ ಬೇರೆ ಚಿಕಿತ್ಸಾಲಯವನ್ನೇ ತೆರೆದರು. ಅಶ್ಲೀಲ ಚಿತ್ರಗಳ ಗೀಳಿನವರೂ ಅಲ್ಲಿ ಹೋಗಬಹುದು.

ಆಸ್ಪತ್ರೆಯ ಮೆಟ್ಟಿಲು ಹತ್ತಲು ಇನ್ನೂ ಧೈರ್ಯ ಸಾಲದವರಿಗೆ ಒಂದು ಸುಲಭದ ಬಾಗಿಲಿದೆ. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು 'ಟೆಲಿ ಮಾನಸ್' ಎಂಬ ಸೇವೆಯನ್ನು ಆರಂಭಿಸಿತು. ಸಂಖ್ಯೆ 14416. ಹಗಲೂ ರಾತ್ರಿಯೂ ತೆರೆದಿರುತ್ತದೆ, ಹಣ ಕೊಡಬೇಕಾಗಿಲ್ಲ. ಕರೆ ಮಾಡಿದಾಗ ಭಾಷೆಯನ್ನು ಆರಿಸಿಕೊಳ್ಳಬಹುದು; ಅವುಗಳಲ್ಲಿ ಕನ್ನಡವೂ ಒಂದು. ಮನಸ್ಸಿನ ಗುಟ್ಟನ್ನು ಹರಕು ಮುರುಕು ಹಿಂದಿಯಲ್ಲಿ ಹೇಳುವುದಕ್ಕೂ ತಾಯ್ನುಡಿಯಲ್ಲಿ ಹೇಳುವುದಕ್ಕೂ ಎಷ್ಟು ಅಂತರವೆಂಬುದು ಪರಸ್ಥಳದಲ್ಲಿ ಬದುಕುವ ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೋಗಿ ಏನೆಂದು ಹೇಳುವುದು? ಬಾಯಿ ಕಟ್ಟುವುದು ಇಲ್ಲಿಯೇ. ಆದ್ದರಿಂದ ಮಾತನ್ನೂ ಸಿದ್ಧಮಾಡಿ ಕೊಡುತ್ತೇನೆ. "ಡಾಕ್ಟರೇ, ಒಂದು ವಿಷಯದಲ್ಲಿ ನನ್ನ ಮನಸ್ಸು ನನ್ನ ಮಾತು ಕೇಳುತ್ತಿಲ್ಲ. ಕಾಮದ ವಿಷಯ. ಬಿಡಬೇಕೆಂದು ಬಹಳ ಸಲ ಪ್ರಯತ್ನಿಸಿದೆ, ಆಗಲಿಲ್ಲ. ಕೆಲಸಕ್ಕೂ ಮನೆಗೂ ತೊಂದರೆಯಾಗುತ್ತಿದೆ." ಇಷ್ಟು ಸಾಕು. ಇದನ್ನೂ ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ. ಎದುರಿಗೆ ಕುಳಿತವರು ಇಂಥ ಮಾತನ್ನು ಇದೇ ಮೊದಲು ಕೇಳುತ್ತಿರುವುದಿಲ್ಲ. ಹಾಗೂ ಯಾರಾದರೂ ನಕ್ಕರೆ, ಬೈದರೆ, ಆ ಬಾಗಿಲನ್ನು ಬಿಟ್ಟು ಇನ್ನೊಂದನ್ನು ತಟ್ಟಿ. ನೆರವು ಕೇಳುವುದನ್ನು ಮಾತ್ರ ಬಿಡಬೇಡಿ.

"ಸುದ್ದಿ ಮಾಲೀಕರಿಗೆ ಹೋದರೆ? ಊರಿಗೆ ಮುಟ್ಟಿದರೆ?" ಎಂಬ ಹೆದರಿಕೆ ಇದ್ದೇ ಇದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 23ನೆಯ ಕಲಮು ರೋಗಿಯ ಗುಟ್ಟನ್ನು ಕಾಪಾಡುವುದು ಅವನ ಹಕ್ಕೆಂದು ಹೇಳುತ್ತದೆ. ಯಾರದಾದರೂ ಪ್ರಾಣಕ್ಕೆ ಅಪಾಯ, ನ್ಯಾಯಾಲಯದ ಆಜ್ಞೆ ಮೊದಲಾದ ಕೆಲವೇ ಸಂದರ್ಭಗಳನ್ನು ಬಿಟ್ಟರೆ, ವೈದ್ಯರು ನಿಮ್ಮ ವಿಷಯವನ್ನು ಮಾಲೀಕನಿಗೆ ಹೇಳುವಂತಿಲ್ಲ.

ಅಲ್ಲಿ ಏನು ಮಾಡುತ್ತಾರೆ? ಮೊದಲು ಕೇಳುತ್ತಾರೆ, ತಾಳ್ಮೆಯಿಂದ. ಇದರ ಬೆನ್ನಿಗೆ ಬೇರೆ ಕಾಯಿಲೆ ಅಡಗಿದೆಯೇ ಎಂದು ನೋಡುತ್ತಾರೆ. ಮನಸ್ಸು ವಿಪರೀತ ಉಬ್ಬಿ, ನಿದ್ದೆಯೇ ಬೇಡವಾಗಿ, ದುಂದುವೆಚ್ಚ ಮಾಡುವ ಉನ್ಮಾದದಲ್ಲಿ ಕಾಮವೂ ಕಡಿವಾಣ ಹರಿಯುತ್ತದೆ. ಅದರ ಚಿಕಿತ್ಸೆಯೇ ಬೇರೆ. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಕೆಲವು ಔಷಧಗಳಿಂದಲೂ ವಯಸ್ಸಾದವರಲ್ಲಿ ಹೀಗಾಗುವುದುಂಟು. ವೈದ್ಯರು ಔಷಧದ ಪ್ರಮಾಣ ಬದಲಿಸಿದರೆ ಅದು ಇಳಿಯುತ್ತದೆ. ಕುಡಿತ, ಖಿನ್ನತೆ, ಚಿಕ್ಕಂದಿನಲ್ಲಿ ಅನುಭವಿಸಿದ ದೌರ್ಜನ್ಯ, ಇವೂ ಹಲವರಲ್ಲಿ ಬೇರಿನಲ್ಲಿರುತ್ತವೆ. ಬೇರು ತಿಳಿಯದೆ ಎಲೆ ಕಿತ್ತರೆ ಪ್ರಯೋಜನವಿಲ್ಲ.

ಚಿಕಿತ್ಸೆಯ ಮುಖ್ಯ ಭಾಗ ಮಾತು; ಆಪ್ತಸಲಹೆ ಎಂದು ಕರೆಯುತ್ತಾರೆ. ಅದು ಉಪದೇಶವಲ್ಲ. ಲೆಕ್ಕಪತ್ರ ಬಲ್ಲ ಗುಮಾಸ್ತರಿಗೆ ಅದು ಬೇಗ ಅರ್ಥವಾಗುತ್ತದೆ, ಏಕೆಂದರೆ ಅದು ಶುರುವಾಗುವುದೇ ಒಂದು ಖಾತೆಯಿಂದ. ಆಸೆ ಎದ್ದಾಗಲೆಲ್ಲ ನಾಲ್ಕು ವಿವರ ಬರೆದಿಡಿ ಎನ್ನುತ್ತಾರೆ: ಎಷ್ಟು ಹೊತ್ತಿಗೆ, ಎಲ್ಲಿ, ಆಗ ಮನಸ್ಸು ಹೇಗಿತ್ತು, ಆಮೇಲೆ ಏನು ಮಾಡಿದೆ. ಹದಿನೈದು ದಿನದ ಖಾತೆ ನೋಡಿದರೆ ಗುಟ್ಟು ಹೊರಬೀಳುತ್ತದೆ. ಒಬ್ಬನಿಗೆ ಪಗಾರದ ದಿನ, ಇನ್ನೊಬ್ಬನಿಗೆ ರಾತ್ರಿ ಪಾಳಿ ಮುಗಿದ ಬೆಳಗು, ಮತ್ತೊಬ್ಬನಿಗೆ ಊರಿಗೆ ಫೋನು ಮಾಡಿ ಜಗಳವಾಡಿದ ರಾತ್ರಿ. ಹಸಿವು, ಸಿಟ್ಟು, ಒಂಟಿತನ, ದಣಿವು: ಚಟಗಳಿಂದ ಬಿಡಿಸಿಕೊಂಡವರು ಈ ನಾಲ್ಕನ್ನು ಕಳ್ಳಬಾಗಿಲುಗಳೆಂದು ಎಣಿಸುತ್ತಾರೆ. ಕಳ್ಳ ಬರುವ ಬಾಗಿಲು ತಿಳಿದ ಮೇಲೆ ಅಗಳಿ ಹಾಕುವುದು ಸುಲಭ.

ಅಗಳಿಗಳೆಂದರೆ ಸಣ್ಣ ಸಣ್ಣವೇ. ರಾತ್ರಿ ಮೊಬೈಲನ್ನು ಹಾಸಿಗೆಯ ಬಳಿ ಇಡದಿರುವುದು. ಗಂಟೆ ಬಾರಿಸಲು ಬೇರೆ ಗಡಿಯಾರ ಕೊಳ್ಳುವುದು. ಪಗಾರ ಬಂದ ದಿನವೇ ಊರಿನ ಪಾಲನ್ನು ಕಳಿಸಿಬಿಡುವುದು. ಹಳೆಯ ದಾರಿಯ ಗಲ್ಲಿ ತಪ್ಪಿಸಿ ಬೇರೆ ದಾರಿಯಿಂದ ಖೋಲಿಗೆ ಬರುವುದು. ಆಸೆ ಸಮುದ್ರದ ತೆರೆಯಂತೆ. ಏರುತ್ತದೆ, ಏರಿದ್ದು ಇಳಿಯುತ್ತದೆ. ತೆರೆಯ ನೆತ್ತಿಯಲ್ಲಿ "ಇದು ಇನ್ನು ಇಳಿಯುವುದೇ ಇಲ್ಲ" ಎನ್ನಿಸುತ್ತದೆ. ಆ ಹೊತ್ತು ಎದ್ದು ಹೊರಗೆ ಬಂದು, ನೀರು ಕುಡಿದು, ಯಾರೊಡನೆಯಾದರೂ ಮಾತಾಡುತ್ತ ಕಳೆದರೆ ಅದು ತಾನಾಗಿಯೇ ತಗ್ಗುತ್ತದೆ. ಇದನ್ನು ಅಭ್ಯಾಸ ಮಾಡಿಸುವುದೂ ಚಿಕಿತ್ಸೆಯೇ. ಕೆಲವರಿಗೆ ಜೊತೆಯಲ್ಲಿ ಗುಳಿಗೆಗಳನ್ನೂ ಕೊಡುತ್ತಾರೆ; ಖಿನ್ನತೆಗೆ ಕೊಡುವ ಕೆಲವು, ಕುಡಿತ ಬಿಡಿಸಲು ಬಳಸುವ ನಾಲ್ಟ್ರೆಕ್ಸೋನ್ ಎಂಬುದು, ಇವುಗಳಿಂದ ಕೆಲವರಿಗೆ ಉಪಯೋಗವಾಗಿದೆ. ಅದನ್ನು ತೀರ್ಮಾನಿಸುವುದು ವೈದ್ಯರ ಕೆಲಸ. ಅಂಗಡಿಯಿಂದ ನಾವೇ ಕೊಂಡು ನುಂಗುವುದಲ್ಲ. ಇದೊಂದಕ್ಕೆಂದೇ ಮೀಸಲಾದ ರಾಮಬಾಣದ ಗುಳಿಗೆ ಇಲ್ಲ.

ನಡುವೆ ಕಾಲು ಜಾರುವುದುಂಟು. ಎರಡು ತಿಂಗಳು ಸರಿಯಾಗಿದ್ದವನು ಒಂದು ರಾತ್ರಿ ಜಾರುತ್ತಾನೆ. ಆಗ ಅವನ ಮನಸ್ಸು "ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು?" ಎಂಬ ನಮ್ಮ ಗಾದೆಯನ್ನೇ ಹಿಡಿದು, ಪೂರ್ತಿ ಮುಳುಗಲು ಹೊರಡುತ್ತದೆ. ಅಮೆರಿಕೆಯ ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞರು ಚಟಗಳ ಮರುಕಳಿಕೆಯನ್ನು ಕುರಿತು ಬಹುಕಾಲ ಅಧ್ಯಯನ ಮಾಡಿ, ಒಂದು ಸಲ ಜಾರಿದ್ದಕ್ಕಿಂತ ಜಾರಿದ ಮೇಲೆ ಬರುವ "ಎಲ್ಲ ಮುಗಿಯಿತು" ಎಂಬ ಯೋಚನೆಯೇ ಮನುಷ್ಯನನ್ನು ಹೆಚ್ಚು ಕೆಡವುತ್ತದೆ ಎಂದು ತೋರಿಸಿದರು. ಎರಡು ತಿಂಗಳ ಜಮೆಯನ್ನು ಒಂದು ದಿನದ ಖರ್ಚು ನುಂಗುವುದಿಲ್ಲ. ಮರುದಿನವೇ ಹೋಗಿ ಹೇಳಿ, ಖಾತೆಯಲ್ಲಿ ಬರೆದು, ಮುಂದಿನ ಪುಟ ತಿರುವಬೇಕು.

ಒಂದೇ ಕಷ್ಟದವರು ಒಟ್ಟಿಗೆ ಕುಳಿತು ಒಬ್ಬರಿಗೊಬ್ಬರು ಆಸರೆಯಾಗುವ ಪದ್ಧತಿಯೂ ಇದೆ. 1935ರಲ್ಲಿ ಅಮೆರಿಕೆಯ ಅಕ್ರನ್ ಎಂಬ ಊರಿನಲ್ಲಿ ಕುಡಿತದಿಂದ ಬಳಲಿದ ಇಬ್ಬರು ಒಬ್ಬರನ್ನೊಬ್ಬರು ಕಂಡದ್ದರಿಂದ 'ಆಲ್ಕೊಹಾಲಿಕ್ಸ್ ಅನಾನಿಮಸ್' ಹುಟ್ಟಿತು. ಅದೇ ಮಾದರಿಯಲ್ಲಿ ಕಾಮದ ಗೀಳಿನವರ ಕೂಟಗಳು 1976ರಲ್ಲಿ ಬಾಸ್ಟನ್ನಿನಲ್ಲೂ 1977ರಲ್ಲಿ ಮಿನಿಯಾಪೊಲಿಸ್‌ನಲ್ಲೂ ಆರಂಭವಾದವು. ಹೆಸರು ಕುಲ ಹೇಳಬೇಕಾಗಿಲ್ಲ, ಶುಲ್ಕವಿಲ್ಲ. ಈಗ ಫೋನಿನ ಮೂಲಕವೂ ಸೇರುತ್ತಾರೆ. ಆ ಕೂಟಗಳು ಇದನ್ನು ಚಟವೆಂದೇ ಕರೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ ಚಟಗಳ ಸಾಲಿನಲ್ಲಿಡದೆ, ಒಳಗಿನ ಒತ್ತಡವನ್ನು ತಡೆಯಲಾಗದ ಕಾಯಿಲೆಗಳ ಸಾಲಿನಲ್ಲಿಟ್ಟಿದೆ. ಹೆಸರಿನ ಚರ್ಚೆ ಪಂಡಿತರಿಗಿರಲಿ. ನಮಗೆ ಬೇಕಾದದ್ದು, ನಾಲ್ಕು ಜನರ ನಡುವೆ ಬಾಯಿಬಿಟ್ಟು ಹೇಳಿದ ಮಾತು ಒಳಗೆ ಇಟ್ಟುಕೊಂಡದ್ದಕ್ಕಿಂತ ಹಗುರ ಎಂಬ ಅನುಭವ.

ಒಂದು ಕಠಿಣವಾದ ಮಾತನ್ನೂ ಹೇಳದೆ ಹೋಗಲಾರೆ. ಗಾಡಿಯ ನೂಕುನುಗ್ಗಲಿನಲ್ಲಿ ಹೆಂಗಸರ ಮೈ ಮುಟ್ಟುವುದು, ಒಪ್ಪಿಗೆಯಿಲ್ಲದವರನ್ನು ಪೀಡಿಸುವುದು, ಮಕ್ಕಳ ಕಡೆ ಕೈ ಚಾಚುವುದು, ಇವು ಅಪರಾಧಗಳು. ಮಕ್ಕಳ ಅಶ್ಲೀಲ ಚಿತ್ರಗಳನ್ನು ಇಟ್ಟುಕೊಳ್ಳುವುದೂ ನೋಡುವುದೂ ಅಪರಾಧವಾಗಬಲ್ಲದೆಂದು ಸುಪ್ರೀಂ ಕೋರ್ಟು 2024ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿದೆ. "ನನಗೆ ಕಾಯಿಲೆ" ಎಂಬುದು ಅಲ್ಲಿ ಗುರಾಣಿಯಾಗದು. ಮನಸ್ಸು ಆ ಕಡೆಗೆ ವಾಲುತ್ತಿದೆ ಎಂದು ಯಾರಿಗಾದರೂ ಭಯವಾದರೆ, ಅಂಥವನು ಎಲ್ಲರಿಗಿಂತ ಮೊದಲು, ಒಂದು ಮಗುವಿಗೆ ಕೆಡುಕಾಗುವ ಮೊದಲು, ವೈದ್ಯರ ಬಳಿ ಓಡಬೇಕು.

ಭಾಷಣಕ್ಕೆ ಮುನ್ನ ಪೆಟ್ಟಿಗೆಯಲ್ಲಿ ಹೆಸರಿಲ್ಲದ ಎರಡು ಚೀಟಿಗಳು ಬಂದಿದ್ದವು. ಮೊದಲನೆಯದು: "ಹೆಂಡತಿಗೆ ಹೇಳಬೇಕೆ?" ಆತುರದಿಂದ ಫೋನಿನಲ್ಲಿ ಹೇಳಿ ಅವರನ್ನು ಕಂಗೆಡಿಸಬೇಡಿ; ಆಪ್ತಸಲಹೆಗಾರರೊಡನೆ ಆಲೋಚಿಸಿ, ಎದುರಿಗೆ ಕುಳಿತು ಹೇಳುವುದು ಮೇಲು. ಆದರೆ ಹೊರಗಿನ ಸಂಪರ್ಕವಿದ್ದರೆ ಒಂದು ಕೆಲಸಕ್ಕೆ ಕಾಯುವಂತಿಲ್ಲ: ಊರಿಗೆ ಹೋಗುವ ಮೊದಲು ಸರಕಾರಿ ಆಸ್ಪತ್ರೆಯ ಐ.ಸಿ.ಟಿ.ಸಿ. ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಪುಕ್ಕಟೆ, ಗುಟ್ಟು ಕಾಯುತ್ತಾರೆ, ಮಾಹಿತಿಗೆ 1097ಕ್ಕೆ ಕರೆ ಮಾಡಬಹುದು. ಸೋಂಕು ತಗಲಿ ಕೆಲವೇ ದಿನಗಳಾಗಿದ್ದರೆ ಪರೀಕ್ಷೆಯಲ್ಲಿ ಕಾಣದಿರಬಹುದು. ಮತ್ತೊಮ್ಮೆ ಯಾವಾಗ ಬರಬೇಕೆಂದು ಕೇಳಿಕೊಳ್ಳಿ, ಅಲ್ಲಿಯತನಕ ನಿರೋಧ್ ಬಳಸಿ. ಅಪಾಯದ ಸಂಪರ್ಕವಾಗಿ 72 ಗಂಟೆಗಳೊಳಗಿದ್ದರೆ ಎಚ್.ಐ.ವಿ. ತಗಲದಂತೆ ತಡೆಯುವ ಔಷಧವುಂಟು. ಕೂಡಲೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಿಮ್ಮ ಕಾಯಿಲೆಗೆ ಹೆಂಡತಿ ಕಾರಣಳಲ್ಲ. ಅದರ ಸಂಕಟಕ್ಕೆ ಮಾತ್ರ ಅವಳು ಪಾಲುದಾರಳು. ಅವಳ ಸಿಟ್ಟನ್ನು ತಲೆಬಗ್ಗಿಸಿ ಕೇಳುವುದೂ ಚಿಕಿತ್ಸೆಯ ಭಾಗವೆಂದು ತಿಳಿಯಿರಿ.

ಎರಡನೆಯದು: "ನನ್ನ ಖೋಲಿಯ ಹುಡುಗನಿಗೆ ಹೀಗಾಗಿದೆ, ನಾನೇನು ಮಾಡಲಿ?" ಈ ಚೀಟಿ ಬರೆದವರಿಗೆ ನನ್ನ ನಮಸ್ಕಾರ. ಅವನನ್ನು ಗೇಲಿ ಮಾಡಬೇಡಿ. ನಾಲ್ಕು ಜನರ ಮುಂದೆ ಬುದ್ಧಿ ಹೇಳಬೇಡಿ. ಒಬ್ಬನೇ ಸಿಕ್ಕಾಗ, ಅಣ್ಣನಂತೆ, "ತಮ್ಮಾ, ನಿನಗೇನೋ ಕಷ್ಟವಿರುವ ಹಾಗಿದೆ. ಏನೆಂದು ನನಗೆ ಹೇಳಬೇಕಾಗಿಲ್ಲ. ಹೇಳಬೇಕಾದವರಲ್ಲಿಗೆ ನಾನೂ ಬರುತ್ತೇನೆ, ನಡಿ" ಎನ್ನಿ. ಆಸ್ಪತ್ರೆಯ ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಒಂದು ಬೆಳಿಗ್ಗೆ ಕುಳಿತರೆ ಸಾಕು. ಅರ್ಧ ದಿನದ ಪಗಾರ ಹೋದೀತು. ಒಂದು ಸಂಸಾರ ಉಳಿದೀತು.

ಓದುವ ಆಸಕ್ತಿಯುಳ್ಳವರಿಗೆ ಕನ್ನಡದಲ್ಲಿ ಒಳ್ಳೆಯ ಪುಸ್ತಕಗಳಿಗೆ ಬರವಿಲ್ಲ. ರಾಶಿ ಎಂದು ನಾವೆಲ್ಲ ಬಲ್ಲ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು, ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರ 'ದಾಂಪತ್ಯ ದೀಪಿಕೆ'ಯನ್ನು ಎರಡು ತಲೆಮಾರಿನವರು ಓದಿದ್ದಾರೆ, ನಿಮ್ಹಾನ್ಸಿನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಕಾಯಿಲೆಗಳನ್ನು ಕುರಿತು ಜನಸಾಮಾನ್ಯರಿಗೆ ತಿಳಿಯುವಂತೆ ಬಹಳಷ್ಟು ಬರೆದಿದ್ದಾರೆ. ಇವುಗಳನ್ನು ತರಿಸಿ ಕಪಾಟಿನಲ್ಲಿಡಬೇಕೆಂದು ಕಾರ್ಯದರ್ಶಿಗಳನ್ನು ಬೇಡುತ್ತೇನೆ. ಆದರೆ ಪುಸ್ತಕ ದಾರಿ ತೋರಿಸೀತು. ನಡೆಯುವ ಕಾಲು ನಮ್ಮದೇ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯುವ ಸ್ಥಿತಿ ತಂದುಕೊಳ್ಳಬಾರದು ಎಂದು ಹಿರಿಯರು ಹೇಳುತ್ತಾರೆ. ಇಲ್ಲಿರುವ ಯಾರಿಗಾದರೂ ನನ್ನ ಮಾತು ತಗಲಿದ್ದರೆ ಅವರು ಇವತ್ತು ದೊಡ್ಡ ಪ್ರತಿಜ್ಞೆಯನ್ನೇನೂ ಮಾಡಬೇಕಾಗಿಲ್ಲ. ಆಣೆಗಳು ಈಗಾಗಲೇ ಸಾಕಷ್ಟು ಆಗಿರುತ್ತವೆ. ಈ ವಾರದಲ್ಲಿ ಒಂದು ಕರೆ, ಇಲ್ಲವೆ ಆಸ್ಪತ್ರೆಗೆ ಒಂದು ಸಲ ಹೋಗಿಬರುವುದು. ಅಷ್ಟೇ. 14416 ಎಂಬ ಸಂಖ್ಯೆಯನ್ನು ದಿನಪತ್ರಿಕೆಗಳ ಮೇಜಿನ ಮೇಲಿನ ಗೋಡೆಗೆ, ರೈಲು ವೇಳಾಪಟ್ಟಿಯ ಪಕ್ಕದಲ್ಲಿ ಅಂಟಿಸಿದ್ದೇವೆ. ವೇಳಾಪಟ್ಟಿ ನೋಡುವವನಂತೆ ನಿಂತು ಬರೆದುಕೊಂಡರೆ ಯಾರಿಗೂ ತಿಳಿಯುವುದಿಲ್ಲ.